ಗುಂಡು ತುಂಬಿದ ಮಡಿಲು

ಪಕ್ಕದ ಮನೆಯ ಅಜ್ಜಿಯ ಅಂಗೈ ಜೋಳದ ರೊಟ್ಟಿ ಬಡಿದು ಬಡಿದು ಹಲಗೆಯ ಹಾಗಾಗಿತ್ತು. ಪ್ರೀತಿಯಿಂದ ಬೆನ್ನಿಗೊಂದು ಕೊಟ್ಟರೆ ನಾನು ಮುಗ್ಗರಿಸುತ್ತಿದ್ದೆ. ಮಗನಿಗೆ ವರ್ಗವಾದಾಗ ಕೊಪ್ಪಳದ ಕಡೆಯಿಂದ ವಿದ್ಯಾರಣ್ಯಪುರಂಗೆ ಬಂದವರು ಅವರು. ತೊಂಬತ್ತರ ದಶಕದಲ್ಲಿ ನಾನು ಸೊಸೆಯಾಗಿ ಬಂದಾಗ, ಆ ಬೀದಿಯಲ್ಲಿ ಬಾಯಿ ತುಂಬ ನಗುವ ಹೆಂಗಸೆಂದರೆ ಅವರೊಬ್ಬರೇ.

ಅವರ ಕಥೆ ಬೀದಿಗೆಲ್ಲ ಬಾಯಿಪಾಠವಾಗಿತ್ತು. ಆದರೂ ನನಗೆ ಎಷ್ಟು ಕೇಳಿದರೂ ಸಾಲದು. ನಿಜಾಮರ ಆಳ್ವಿಕೆಯ ವಿರುದ್ಧ ಹೋರಾಟ ನಡೆದಿದ್ದ ಕಾಲ. ಗಂಡನ ಊರು ನಿಜಾಮರ ಸೀಮೆಯಲ್ಲಿ, ತವರು ಗಡಿಯ ಈಚೆ. ಊರು ಕಾಯಲು ನಿಂತ ಹುಡುಗರ ಬಳಿ ಬಂದೂಕಿತ್ತು, ಗುಂಡಿರಲಿಲ್ಲ. ಆಗಿನ್ನೂ ಹೊಸ ಮದುವಣಗಿತ್ತಿಯಾಗಿದ್ದ ಇವರು ತವರಿಗೆ ಹೋಗಿ, ಮಡಿಲು ತುಂಬಿಸಿಕೊಂಡು ಹಿಂದಿರುಗಿದರು. ಸೆರಗಿನ ಗಂಟಿನಲ್ಲಿ ಮೇಲೆ ಅಕ್ಕಿ, ಕೊಬ್ಬರಿ, ಅರಿಸಿನದ ಕೊಂಬು. ಕೆಳಗೆ ಬಂದೂಕಿನ ಗುಂಡು. ಗಡಿಯ ನಾಕಾದಲ್ಲಿ ಕಾವಲಿನವನು ಗಂಟು ಬಿಚ್ಚು ಎಂದ.

“ತವರಿನ ಉಡಿ ಐತಪ್ಪಾ, ಗಂಡನ ಮನಿ ದೇವರ ಮುಂದನ ಬಿಚ್ಚಬೇಕು. ನಿನಗೂ ಅಕ್ಕ-ತಂಗೇರು ಇರಬೇಕಲ್ಲ, ಬೇಕಾದ್ರ ನೀನ ಬಿಚ್ಚು” ಅಂದರಂತೆ.

ಅವನು ಪಕ್ಕಕ್ಕೆ ಸರಿದ. ಆಮೇಲೆ ಇವರಿಗೆ ತವರಿನ ಮೇಲೆ ಪ್ರೀತಿ ಉಕ್ಕಿದ್ದೇ ಉಕ್ಕಿದ್ದು! ಹುಡುಗರ ಬಂದೂಕು ಮತ್ತೆ ಬರಿದಾಗಲಿಲ್ಲ, ಊರು ಉಳಿಯಿತು.

ಇಂಥವರು ನನ್ನ ಸೀಮಂತದ ದಿನ ಅಡುಗೆಮನೆ ಸೇರಿಕೊಂಡಿದ್ದರು. ಗಂಡ ತೀರಿಕೊಂಡವರು ಬಸುರಿಯ ಮಡಿಲು ತುಂಬಬಾರದಲ್ಲ! ನನಗೆ ಮೈಯೆಲ್ಲ ಉರಿದುಹೋಯಿತು.

“ಮೊದ್ಲು ಅಜ್ಜಿ ತುಂಬ್ಲಿ. ಇಲ್ದಿದ್ರೆ ಎದ್ಬುಡ್ತೀನಿ” ಎಂದೆ.

“ಸುಮ್ನೆ ಕೂತ್ಕೊಳ್ಳಮ್ಮ, ಜನ ಏನಂದ್ಕೋತಾರೆ?” ಎಂದರು ಅತ್ತೆ.

ಒಳಗಿನಿಂದ ಅಜ್ಜಿಯ ದನಿ ಬಂತು, ಎಂದೂ ಕೇಳದಷ್ಟು ಸಣ್ಣಗೆ: “ಬ್ಯಾಡವ್ವಾ. ಕೂಸಿಗೆ ಏನರ ಆದ್ರ ನನ್ನ ಮ್ಯಾಲೆ ಬರ್ತೈತಿ.”

“ನಾಕಾದೋರಿಗೇ ಹೆದರದೇ ಇದ್ದೋರು ನಮ್ಮತ್ತೆಗೆ ಹೆದರ್ತೀರಾ?” ಎಂದು ಕೂಗಿದೆ.

ಕೂತಿದ್ದ ಹೆಂಗಸರೆಲ್ಲ ಗೊಳ್ಳೆಂದರು. ಅತ್ತೆ ಮುಖ ಬಿಗಿಹಿಡಿಯಲು ನೋಡಿದರು, ಆಗಲಿಲ್ಲ. ಅವರಿಗೂ ನಗು ಬಂದುಬಿಟ್ಟಿತು. ಒಳಗೆ ಹೋಗಿ ಅಜ್ಜಿಯ ಕೈ ಹಿಡಿದು ಕರೆತಂದರು.

“ಬನ್ನಿ ಅಮ್ಮಾ, ನೀವೇ ಶುರು ಮಾಡಿ.”

ಅಜ್ಜಿ ಬೊಗಸೆ ತುಂಬ ಅಕ್ಕಿ ತೆಗೆದು ನನ್ನ ಮಡಿಲಿಗೆ ಸುರಿದರು. ಮುಖ ಗೆದ್ದು ಬಂದವರ ಹಾಗೆ ಅರಳಿತ್ತು. ಅಷ್ಟು ಸಂತೋಷ ನನಗೆ ಮದುವೆಯ ದಿನವೂ ಆಗಿರಲಿಲ್ಲ.

ಅಜ್ಜಿ ತೀರಿಕೊಂಡು ವರ್ಷಗಳಾದವು. ನನ್ನ ಮಗಳಿಗೆ ಇರುವುದು ಅವರ ಹೆಸರೇ. ಅದನ್ನೇ ಇಡಬೇಕೆಂದು ಹಠ ಹಿಡಿದು ಕೂತವರು ನಮ್ಮತ್ತೆ.