ಕಾರ್ಬೋ, ಖರಾಬೋ?

ಖರೇ ಹೇಳ್ರಿ, ನಿನ್ನಿ ಗುಡ್ಡ ಇದ್ದ ರಸ್ತಾ ಇವತ್ತ ಸಪಾಟ ಆಗ್ತದೇನ್ರಿ? ಆಗಂಗಿಲ್ಲ ಅಂತೀರಾ? ನಮ್ಮ ಭಾಲ್ಕಿಗಿ ಬರ್ರಿ, ಮಾಡಿ ತೋರಸ್ತೇನಿ. ಒಂದೇ ಬೆರಳಿಲಿ ಫೋನ್ ಒತ್ತಿ ಬರೀಲತೇನಿ, ಅಕ್ಷರ ತಪ್ಪಿದ್ರ ನಗಬ್ಯಾಡ್ರಿ ಮತ್ತ.

ನನ್ನ ಮೊಮ್ಮಗಳು ಕಾಲೇಜಿಗಿ ಹೋಗ್ತಾಳ, ಓಡೂದ್ರಾಗ ಹುಷಾರ. ಬೀದರದಾಗ ಇಪ್ಪತ್ತೊಂದ ಕಿಲೋಮೀಟರ ಓಟ ಇತ್ತು. ಮೊದಲ ಬಂದ ಮೂರ ಹುಡುಗ್ಯಾರಿಗಿ ಯೂನಿವರ್ಸಿಟಿ ಟೀಮಿನ್ಯಾಗ ಜಾಗಾ. ಅಕಿಗಿ ಕಾಲೇಜಿನ ಕಡೀ ವರ್ಷ, ಈ ಸಲ ತಪ್ಪಿದ್ರ ಮತ್ತ ಇಲ್ಲ.

ದಿನಾ ಮುಂಜಾನಿ ಮೆಹಕರ ರಸ್ತಾದ ಮ್ಯಾಲ ಓಡಿ ಬಂದು ಕಟ್ಟಿಗಿ ಒರಗಿ ಬೀಳ್ತಿದ್ಳು. "ಎಷ್ಟ ಆಣಿ ದಣದಿ?" ಅಂತ ಕೇಳ್ತಿದ್ದೆ. ನಮ್ಮ ಕಡಿ ಹದಿನಾರ ಆಣಿ ಅಂದ್ರ ಪೂರಾ ಖಲಾಸ್.

"ಹದಿನೈದಾಣಿ, ಆಯಿ. ಕಾಲಿಗಿ ಕಲ್ಲ ಕಟ್ಟಿದಂಗ ಆಗ್ಲತದ."

ತಿನ್ನೂದ ನೋಡಿದ್ರ ಎರಡ ತತ್ತಿ, ಒಂದ ಸೌತಿಕಾಯಿ. ಬಿಸಿ ರೊಟ್ಟಿ ಹಾಕಿದ್ರ ತಾಟ ದೂಡಿ, "ಬ್ಯಾಡಾಯಿ, ಅದು ಕಾರ್ಬ್" ಅಂದ್ಳು.

ನನಗ ಕೇಳಿಸಿದ್ದು ಖರಾಬ್!

"ಯಾರ ರೊಟ್ಟಿ ಖರಾಬ್? ನಿಮ್ಮಪ್ಪಗ ಸಾಕಿದ ರೊಟ್ಟಿ ಖರಾಬ್?" ಅಂತ ಓಣಿಗೆಲ್ಲ ಕೇಳೂಹಂಗ ಒದರಿದೆ. ಅಕಿ ನಕ್ಕು ನಕ್ಕು ಸಾಕಾಗಿ ಬಿಡಿಸಿ ಹೇಳಿದ್ಳು. ಕಾರ್ಬ್ ಅಂದ್ರ ರೊಟ್ಟಿ, ಅನ್ನ, ಬೆಲ್ಲದಾಗ ಇರೂ ಕಸುವು ಅಂತ. ತಿಂದ್ರ ಮೈ ಬರ್ತದ ಅಂತ ಫೋನಿನ್ಯಾಗ ಯಾರೋ ಹೇಳ್ಯಾರಂತ, ಬಿಟ್ಟಾಳ.

"ಕಸುವ ಮನ್ಯಾಗ ಬಿಟ್ಟು ಓಡ್ಲಾಕ ಹೋಗ್ತಿ ಏನ, ಶ್ಯಾಣ್ಯಾಕಿ?" ಅಂದೆ.

ಸಂತಪುರದಾಗ ನಾ ಸಣ್ಣಾಕಿ ಇದ್ದಾಗ ದಿನಪೂರ್ತಿ ಕುರಿ ಹಿಂದ ತಿರಗೇನಿ. ಉಡ್ಯಾಗ ಮಲಿದಾ ಇರ್ತಿತ್ತು, ರೊಟ್ಟಿ ಮುರದು ಬೆಲ್ಲಾ ಹಾಕಿ ತಿಕ್ಕಿದ್ದು. ಅದು ಇದ್ದ ದಿನ ಅಡವಿ ಸಣ್ಣದು. ಇಲ್ಲದ ದಿನ ಅದೇ ಅಡವಿ ಮುಗೀತಿದ್ದಿಲ್ಲ.

"ಎಂಟ ದಿನ ನನ್ನ ಮಾತ ಕೇಳು. ಹಗುರ ಆಗ್ಲಿಲ್ಲಂದ್ರ ನಿನ್ನ ಸೌತಿಕಾಯಿ ನಿನಗ."

ಒಪ್ಪಿದ್ಳು. ಸಂಜಿಗಿ ಹೊಟ್ಟಿ ತುಂಬ ಅನ್ನ, ಓಡೂಕಿಂತ ಮೊದಲ ಒಂದ ಮುಟಗಿ ಮಲಿದಾ, ನಡುವ ಕುಡೀಲಾಕ ಉಪ್ಪು ಹಾಕಿದ ಬೆಲ್ಲದ ನೀರು. ಅದೇ ರಸ್ತಾ, ಗಡಿಯಾರದಾಗ ಅಷ್ಟೇ ಹೊತ್ತು. ಮೂರನೇ ದಿನ ಕೇಳಿದ್ರ ಹನ್ನೆರಡಾಣಿ. ಎಂಟನೇ ದಿನ, "ಒಂಬತ್ತಾಣಿ, ಆಯಿ! ರಸ್ತಾ ಯಾರರೆ ಸಪಾಟ ಮಾಡ್ಯಾರೇನು?"

ಓಟದ ದಿನ ನಾನೂ ಬೀದರಕ ಹೋದೆ. ಕಿಲ್ಲಾದ ಕಡಿ ಏರಿನ್ಯಾಗ ಬೆಲ್ಲದ ನೀರಿನ ಬಾಟ್ಲಿ ಹಿಡಕೊಂಡು ನಿಂತೆ. ಉಳದ ಹುಡುಗ್ಯಾರು ಹಲ್ಲ ಕಚ್ಚಿ ಕಾಲ ಎಳೀಲತಿದ್ರು. ನಮ್ಮಾಕಿ ಬಂದ್ಳು ನೋಡ್ರಿ, ಬಾಟ್ಲಿ ಕಸಗೊಂಡು ಎರಡ ಗುಟುಕು ಕುಡದು, ನನಗ ಕಣ್ಣ ಹೊಡದು ಹೋದ್ಳು! ಆ ಏರಿನ್ಯಾಗೇ ಇಬ್ಬರಿಗಿ ಹಿಂದ ಹಾಕಿದ್ಳು. ಎರಡನೇದಾಕಿ ಆಗಿ ಮುಟ್ಟಿದ್ಳು, ಟೀಮಿನ್ಯಾಗ ಬಂದ್ಳು! ನಾ ಸೆರಗ ಸೊಂಟಕ್ಕ ಸಿಗಿಸಿ ರಸ್ತಾದಾಗೇ ಕುಣದೆ. ಪೊಲೀಸ ಸೀಟಿ ಊದಿದ, ನಾ ಅದರ ತಾಳಕ್ಕೂ ಕುಣದೆ.

ಮನಿಗಿ ಬಂದು ಜಂಬದಾಗ, "ಗೆದ್ದದ್ರಾಗ ಅರ್ಧಾ ನಂದು, ಮರೀಬ್ಯಾಡ" ಅಂದೆ.

ಅಕಿ ಮಂಚದ ಮ್ಯಾಲ ಎರಡೂ ಕಾಲ ಚಾಚಿ ಅಂದ್ಳು: "ಹೌದಾಯಿ, ಅರ್ಧಾ ನಿಂದೇ. ಎಡಗಾಲ ನಿಂದು, ಬಾ, ಒತ್ತಕೋ."