ಗಣಿಯ ಬಾಯಲ್ಲಿ ಒಂದು ಜೊತೆ ಚಪ್ಪಲಿ

ಅರವತ್ತರ ದಶಕದಲ್ಲಿ ದಾವಣಗೆರೆಯ ನಮ್ಮ ವಠಾರದಲ್ಲಿದ್ದ ಹಿರಿಯರೊಬ್ಬರು ಹತ್ತಿ ಗಿರಣಿಗೆ ಕೆಲಸಕ್ಕೆ ಹೋಗುತ್ತಿದ್ದರು. ಅದಕ್ಕೂ ಮೊದಲು ಚಿತ್ರದುರ್ಗದ ಕಡೆಯ ಗುಡ್ಡವೊಂದರ ಚಿನ್ನದ ಗಣಿಯಲ್ಲಿ ದುಡಿದವರು. ಸಿನಿಮಾ ನೋಡಿ ಬಂದವರನ್ನೂ ಬಾಗಿಲಲ್ಲೇ ತಡೆದು, "ಎಲ್ಲಾರೂ ಹೊರಗ ಬಂದ್ರೇನ್ರಿ?" ಎಂದು ಕೇಳುವರು. ನಾವು ನಗುತ್ತಿದ್ದೆವು.

ಒಮ್ಮೆ ಗೆಳೆಯರೆಲ್ಲ ಸೇರಿ ಆ ಗಣಿ ನೋಡಬೇಕೆಂದಾಗ ಅವರೇ ಕರೆದೊಯ್ದರು. ಗಣಿ ನಿಂತು ವರ್ಷಗಳಾಗಿದ್ದವು. ಕೆಲಸಗಾರರು ತುಳಿದು ಮಾಡಿದ ಕಾಲುದಾರಿಯಲ್ಲಿ ಗುಡ್ಡ ಹತ್ತಿದೆವು. ಗಣಿಯ ಬಾಯಲ್ಲಿ ಅವರು ಅಡ್ಡ ನಿಂತರು.

"ಚಪ್ಪಲಿ ಇಲ್ಲೇ ಬಿಡ್ರಿ. ಒಳಗ ಭೂಮಿತಾಯಿ ಅದಾಳ. ಹೊರಗ ಬಂದೋರು ಅವರವರ ಚಪ್ಪಲಿ ಮೆಟ್ಕೊಂಡ್ರೆ, ಒಳಗ ಉಳಿದೋರು ಯಾರಂತ ಗೊತ್ತಾಗ್ತೈತೆ."

ನಮ್ಮ ಚಪ್ಪಲಿಗಳ ಪಕ್ಕ ಅವರು ಚೀಲದಿಂದ ಹೊಸ ಜೊತೆಯೊಂದನ್ನು ತೆಗೆದಿಟ್ಟರು. ಅಲ್ಲೇ ಗೆದ್ದಲು ತಿಂದ ಹಳೆಯ ಜೊತೆಯೊಂದಿತ್ತು. ಅದನ್ನು ಮೆಲ್ಲಗೆ ಬದಿಗೆ ಸರಿಸಿದರು.

ಒಳಗೆ ಸ್ವಲ್ಪ ದೂರ ಹೋಗಿ ನೋಡಿ, ಹೊರಬಂದು ಎಲ್ಲರೂ ಚಪ್ಪಲಿ ಮೆಟ್ಟಿದೆವು. ಹೊಸ ಜೊತೆ ಹಾಗೇ ಉಳಿಯಿತು. ಯಾರದೆಂದು ಕೇಳಿದೆ.

"ನನ್ನ ಮಗಂದು. ಒಳಗ ಅವನ ಮ್ಯಾಲೆ ಕುಸಿದ ಕಲ್ಲು ತೆಗೆಯೋಕಾಗಲ್ಲ ಅಂತ ಗಣಿಯೋರು ಕೈಬಿಟ್ರು. ಅವತ್ತು ಅವನ ಚಪ್ಪಲಿ ಮಾತ್ರ ಇಲ್ಲಿ ಉಳಿದಿತ್ತು."

ಗುಡ್ಡ ಇಳಿಯತೊಡಗಿದರು. ನಾನು ತಡೆಯಲಾರದೆ, "ಅಜ್ಜಾರೆ, ಹೊಸ ಚಪ್ಪಲಿ ಅಲ್ಲೇ ಬಿಟ್ರಲ್ರಿ?" ಎಂದೆ.

ಅವರು ತಿರುಗಿ ನೋಡಲಿಲ್ಲ.

"ಅವನು ಬರಲ್ಲ ಅಂತ ನನಗೂ ಗೊತ್ತೈತೆ ತಮ್ಮಾ. ಆದ್ರೂ ದಾರ್ಯಾಗ ಮುಳ್ಳು ಭಾಳ ಅದಾವು."