ಉಳಿಯ ಸದ್ದು ನಿಧಾನವಾದಾಗ

ಇವತ್ತು ಕೆಲಸ ಮುಗಿಸಿ ಸಂತೆಕಟ್ಟೆಯಲ್ಲಿ ಬಸ್ಸಿಗೆ ಕಾಯುತ್ತಿದ್ದೆ. ಪಕ್ಕದ ಮರದಂಗಡಿಯಿಂದ ಹಲಸಿನ ಮರ ಸುಟ್ಟ ವಾಸನೆ ಬಂತು. ಒಳಗೆ ಕೆತ್ತನೆಯ ಯಂತ್ರ ಕಿರುಚುತ್ತಿತ್ತು.

ಹಿಂದೆ ಕುಕ್ಕುಂದೂರಿನ ನಮ್ಮ ಮನೆಯ ಚಾವಡಿಯಲ್ಲಿ ಅಪ್ಪ ಬಾಗಿಲುಗಳಿಗೆ ಹೂಬಳ್ಳಿ ಕೆತ್ತುತ್ತಿದ್ದರು. ಅಮ್ಮನ ಕಿವಿ ಅಡುಗೆಮನೆಯಿಂದಲೇ ಉಳಿಯ ಸದ್ದಿನ ಮೇಲೆ. ಪೆಟ್ಟು ನಿಧಾನವಾದರೆ ಅಪ್ಪನ ಕೈ ಸೋತಿದೆ ಎಂದರ್ಥ. ತಕ್ಷಣ ಚಹಾಕ್ಕೆ ನೀರಿಡುತ್ತಿದ್ದರು. ಅಪ್ಪ ಒಂದು ದಿನವೂ ಚಹಾ ಕೇಳಿದವರಲ್ಲ.

ಆಮೇಲೆ ಮಾವ ದುಬೈಯಿಂದ ಕರೆಂಟಿನ ಯಂತ್ರ ತಂದುಕೊಟ್ಟರು. ಕೆಲಸ ಬೇಗ ಮುಗಿಯತೊಡಗಿತು, ಅದಕ್ಕೇ ಕೆತ್ತಲು ಬರುವ ಬಾಗಿಲುಗಳ ರಾಶಿಯೂ ಬೆಳೆಯಿತು. ಅಮ್ಮ ಎಂದಿನಂತೆ ಕಿವಿಗೊಟ್ಟರು. ಆದರೆ ಆ ಸದ್ದು ಬೆಳಗ್ಗೆ ಹೇಗಿತ್ತೋ ಸಂಜೆಯೂ ಹಾಗೆಯೇ ಇರುತ್ತಿತ್ತು. ಒಂದು ದಿನ ಯಂತ್ರ ನಿಲ್ಲಿಸಿ ಬಂದ ಅಪ್ಪನಿಗೆ ನೀರಿನ ಲೋಟ ಹಿಡಿಯಲಾಗಲಿಲ್ಲ.

"ಸುಸ್ತಾದ್ರೆ ಹೇಳ್ಲಿಕ್ಕೆ ಎಂತ ಕಷ್ಟ ನಿಮಗೆ?" ಅಮ್ಮ ರೇಗಿದರು.

"ಹೇಳಿ ಅಭ್ಯಾಸ ಇಲ್ಲ ಅಲ್ವಾ ಮಾರಾಯ್ತಿ," ಎಂದರು ಅಪ್ಪ.

ಅಂಗಡಿಯೊಳಗೆ ಯಂತ್ರ ಹಿಡಿದವರಿಗೆ ಸುಸ್ತಾಗಿದೆಯೋ ಎಂದು ನಾನೂ ಕಿವಿಗೊಟ್ಟೆ. ಏನೂ ತಿಳಿಯಲಿಲ್ಲ. ಬಸ್ಸು ಬಂತು, ಹತ್ತಿದೆ. ಮನೆ ತಲುಪಿದ ಮೇಲೆ ನನ್ನ ಸುಸ್ತನ್ನೂ ನಾನೇ ಬಾಯಿಬಿಟ್ಟು ಹೇಳಬೇಕು. ಅಭ್ಯಾಸ ನನಗೂ ಇಲ್ಲ.